ಆಕಾಶದ ಕಾಣದ ಮಳೆ, ಅದನ್ನು ಎಣಿಸುವ ಪುಟ್ಟ ಮಾಪಕ



ಅಳತೆ ನಮಗೆ ಹೊಸದಲ್ಲ. ಜೋಳವನ್ನು ಸೇರಿನಲ್ಲಿ ಅಳೆಯುತ್ತೇವೆ. ಡೈರಿಗೆ ಹಾಲು ಹಾಕುವಾಗ ಲೀಟರ್ ನೋಡುತ್ತೇವೆ, ಫ್ಯಾಟ್ ನೋಡುತ್ತೇವೆ. ಕಬ್ಬು ಕಾರ್ಖಾನೆಗೆ ಹೋದರೆ ತೂಕದ ಚೀಟಿ ಕೇಳುತ್ತೇವೆ. ಅಳತೆ ಗೊತ್ತಿದ್ದವರಿಗೆ ಮೋಸ ಮಾಡೂದು ಸುಲಭ ಅಲ್ಲ.

ಈ ಪಾಠದಲ್ಲಿ ಇನ್ನೊಂದು ಅಳತೆಯ ವಿಷಯ ಓದೋಣ. ಇದು ಕಣ್ಣಿಗೆ ಕಾಣದ ವಸ್ತುವಿನ ಅಳತೆ. ಅಳೆಯುವ ಜಾಗ ನಮ್ಮ ಅನಂತಪುರದಲ್ಲಿ ಇಲ್ಲ, ಅಥಣಿಯಲ್ಲೂ ಇಲ್ಲ. ಅದು ಆಕಾಶದಾಚೆ ಇದೆ. ಆದರೆ ಅಳೆಯುವ ಕೆಲಸದಲ್ಲಿ ನಮ್ಮ ಕರ್ನಾಟಕದವರ ಕೈ ದೊಡ್ಡದು. ಅದರ ಉಪಯೋಗ ನಮ್ಮ ಮನೆ ಬಾಗಿಲ ತನಕ ಬರುತ್ತದೆ.

ನಿಧಾನವಾಗಿ ಓದಿ. ತಿಳಿಯದ ಮಾತು ಬಂದರೆ ಗುರುತು ಹಾಕಿ. ಪಾಠದ ಕೊನೆಗೆ ಅದರ ಅರ್ಥ ಇದೆ.

ಕಾಣದ ಮಳೆ

ಸೂರ್ಯ ನಮಗೆ ಬೆಳಕು ಕೊಡುತ್ತಾನೆ, ಬಿಸಿಲು ಕೊಡುತ್ತಾನೆ. ಇದು ಎಲ್ಲರಿಗೂ ಗೊತ್ತು. ಸೂರ್ಯನಿಂದ ಇನ್ನೊಂದು ಬರುತ್ತದೆ. ಅದು ಬಹಳ ಸಣ್ಣ ಕಣಗಳ ಮಳೆ. ಹಿಟ್ಟಿನ ಹುಡಿ ಸಣ್ಣದು ಹೌದಲ್ಲ? ಈ ಕಣ ಅದಕ್ಕಿಂತ ಕೋಟಿ ಕೋಟಿ ಪಾಲು ಸಣ್ಣದು. ಪ್ರೋಟಾನ್, ಇಲೆಕ್ಟ್ರಾನ್ ಎಂದು ಅವಕ್ಕೆ ಹೆಸರು. ದೂರದ ನಕ್ಷತ್ರಗಳ ಕಡೆಯಿಂದಲೂ ಇಂಥ ಕಣಗಳು ಬರುತ್ತವೆ. ಅವುಗಳ ಓಟ ಬಂದೂಕಿನ ಗುಂಡಿಗಿಂತ ಎಷ್ಟೋ ಪಟ್ಟು ಜೋರು. ಇದನ್ನು ಬಾಹ್ಯಾಕಾಶದ ವಿಕಿರಣ ಅನ್ನುತ್ತಾರೆ.

ಹಂಗಾದ್ರ ನಮಗ್ಯಾಕ ಇದು ಬಡಿಯುವುದಿಲ್ಲ? ನಮಗೆ ಎರಡು ಕಾವಲು ಇವೆ.

ಮೊದಲನೆಯ ಕಾವಲು ಭೂಮಿಯದೇ. ಭೂಮಿ ಒಂದು ದೊಡ್ಡ ಸೂಜಿಗಲ್ಲು ಇದ್ದ ಹಾಗೆ. ಬರುವ ಕಣಗಳನ್ನು ಅದು ಪಕ್ಕಕ್ಕೆ ತಿರುಗಿಸುತ್ತದೆ. ಕೆಲವು ಕಣಗಳನ್ನು ಹಿಡಿದು ತನ್ನ ಸುತ್ತ ತಿರುಗಿಸುತ್ತದೆ.

ಎರಡನೆಯ ಕಾವಲು ಗಾಳಿ. ನಮ್ಮ ತಲೆಯ ಮೇಲೆ ಗಾಳಿಯ ದಪ್ಪ ಕೌದಿ ಇದೆ. ಉಳಿದ ಕಣಗಳಲ್ಲಿ ಹೆಚ್ಚಿನವು ಆ ಕೌದಿಯಲ್ಲೇ ಸೋತು ನಿಲ್ಲುತ್ತವೆ. ನೆಲದ ತನಕ ಬರುವುದು ಬಹಳ ಸ್ವಲ್ಪ. ಅದು ನಮ್ಮ ಅಜ್ಜ ಮುತ್ತಜ್ಜರ ಕಾಲದಿಂದ ಬೀಳುತ್ತಲೇ ಇದೆ. ಅದಕ್ಕೆ ಹೆದರುವ ಕಾರಣ ಇಲ್ಲ.

ಉಪಗ್ರಹಕ್ಕೆ ಕೌದಿ ಇಲ್ಲ

ಉಪಗ್ರಹ ಗಾಳಿಯ ಕೌದಿಯ ಮೇಲೆ ಹಾರುತ್ತದೆ. ಅದಕ್ಕೆ ಕಣಗಳು ನೇರವಾಗಿ ಬಡಿಯುತ್ತವೆ.

ಉಪಗ್ರಹದ ಒಳಗೆ ಲೆಕ್ಕ ಇಡುವ ಚಿಪ್ ಇರುತ್ತದೆ. ನಮ್ಮ ಮೊಬೈಲಿನಲ್ಲೂ ಇಂಥ ಚಿಪ್ ಇದೆ. ಅದು ಎಲ್ಲವನ್ನೂ ಸೊನ್ನೆ ಮತ್ತು ಒಂದು, ಈ ಎರಡೇ ಅಂಕಿಯಲ್ಲಿ ಬರೆದಿಡುತ್ತದೆ. ಜೋರಾದ ಒಂದು ಕಣ ಬಡಿದರೆ ಸೊನ್ನೆ ಇದ್ದದ್ದು ಒಂದು ಆಗಬಹುದು. ನಿಮ್ಮ ಸಂಘದ ಪಾಸ್‌ಬುಕ್ ನೆನಪು ಮಾಡಿಕೊಳ್ಳಿ. ಅದರಲ್ಲಿ ಒಂದು ಅಂಕಿ ತಪ್ಪಿದರೆ ಇಡೀ ಲೆಕ್ಕ ತಪ್ಪುತ್ತದೆ. ಉಪಗ್ರಹದ ಲೆಕ್ಕ ತಪ್ಪಿದರೆ ಅದು ದಿಕ್ಕು ತಪ್ಪಬಹುದು. ಪೂರಾ ಕೆಡಲೂಬಹುದು.

ಇದು ಬರೀ ಹೆದರಿಕೆಯ ಮಾತಲ್ಲ. 1994ರ ಜನವರಿ 20ರಂದು ಕೆನಡಾ ದೇಶದ ಅನಿಕ್ ಎಂಬ ಹೆಸರಿನ ಎರಡು ಉಪಗ್ರಹಗಳು ಒಂದೇ ದಿನ ದಿಕ್ಕು ತಪ್ಪಿದವು. ಇಲೆಕ್ಟ್ರಾನ್ ಕಣಗಳು ಒಳಗೆ ಹೊಕ್ಕು ಕೂಡಿಕೊಂಡಿದ್ದವು. ಅವುಗಳಿಂದ ಸಣ್ಣ ಸಿಡಿಲಿನ ಹಾಗೆ ಕಿಡಿ ಹಾರಿತ್ತು. ಟಿ.ವಿ. ನಿಂತಿತು. ದೂರದ ಊರುಗಳ ಫೋನ್ ನಿಂತಿತು. ಒಂದು ಉಪಗ್ರಹ ಕೆಲವು ತಾಸುಗಳಲ್ಲಿ ಸರಿ ಆಯಿತು. ಇನ್ನೊಂದನ್ನು ಸರಿ ಮಾಡಲು ತಿಂಗಳುಗಟ್ಟಲೆ ಬೇಕಾಯಿತು.

ಕೆನಡಾ ದೂರ ಇದೆ, ನಮಗೇನು ಅನ್ನಬೇಡಿ. 2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂತು. ಅಥಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ ಕಡೆಯ ಹೊಳೆದಂಡೆಯ ಜನ ಮಕ್ಕಳು, ದನಕರು ಕಟ್ಟಿಕೊಂಡು ಮನೆ ಬಿಟ್ಟರು. ಮೋಡ ಎಲ್ಲಿ ಕಟ್ಟಿದೆ, ಯಾವ ಕಡೆ ಸಾಗಿದೆ ಎಂದು ಮೇಲಿನಿಂದ ನೋಡುವುದು ಹವಾಮಾನ ಉಪಗ್ರಹ. ಅಂಥ ಹೊತ್ತಿನಲ್ಲಿ ಅದು ಕೈ ಕೊಟ್ಟರೆ ಹೇಗೆ? ಆದ್ದರಿಂದ ಮೇಲೆ ಎಲ್ಲಿ ಎಷ್ಟು ಕಣ ಬೀಳುತ್ತದೆ ಎಂದು ಮೊದಲೇ ಅಳೆದು ತಿಳಿಯಬೇಕು. ಅದಕ್ಕೆ ತಕ್ಕ ಗಟ್ಟಿ ಉಪಗ್ರಹ ಕಟ್ಟಬೇಕು.

ಪುಟ್ಟ ಮಾಪಕ ಎಣಿಸುವ ರೀತಿ

ಕಾಣದ ಕಣವನ್ನು ಎಣಿಸುವುದು ಹೆಂಗ? ಒಂದು ಉಪಮೆ ನೋಡಿ.

ರಾತ್ರಿ ಕತ್ತಲೆ. ನೀವು ತಗಡಿನ ಮನೆಯ ಒಳಗೆ ಕುಳಿತಿದ್ದೀರಿ. ಹೊರಗೆ ಮಳೆ ಕಾಣುವುದಿಲ್ಲ. ಆದರೆ ತಗಡಿನ ಮೇಲೆ ಸಪ್ಪಳ ಕೇಳುತ್ತದೆ. ಟಪ್ ಟಪ್ ಅಂದರೆ ಹನಿ. ಢಣ್ ಅಂದರೆ ಆಣೆಕಲ್ಲು. ಎಷ್ಟು ಸಪ್ಪಳ ಆಯಿತೋ ಅಷ್ಟು ಹನಿ ಬಿತ್ತು. ಸಪ್ಪಳ ದೊಡ್ಡದಾದರೆ ಏಟೂ ದೊಡ್ಡದು.

ಮಾಪಕದಲ್ಲೂ ಒಂದು ತಗಡು ಇದೆ. ಅದು ಸಿಲಿಕಾನ್ ಎಂಬ ವಸ್ತುವಿನ ತೆಳ್ಳನೆಯ ಬಿಲ್ಲೆ. ಸಿಲಿಕಾನ್ ಅನ್ನು ಮರಳಿನಿಂದ ತೆಗೆಯುತ್ತಾರೆ. ಕಣ ಬಂದು ಬಿಲ್ಲೆಯ ಒಳಗೆ ಹಾಯ್ದಾಗ ಒಂದು ಸಣ್ಣ ವಿದ್ಯುತ್ ಮಿಡಿತ ಹುಟ್ಟುತ್ತದೆ. ಅದೇ ಅದರ ಸಪ್ಪಳ. ಮಾಪಕ ಎರಡು ಕೆಲಸ ಮಾಡುತ್ತದೆ.

ಒಂದು, ಎಷ್ಟು ಮಿಡಿತ ಬಂತು ಎಂದು ಎಣಿಸುತ್ತದೆ.

ಎರಡು, ಪ್ರತಿ ಮಿಡಿತ ಎಷ್ಟು ದೊಡ್ಡದು ಎಂದು ನೋಡಿ ಬೇರೆ ಬೇರೆ ಮಾಡುತ್ತದೆ. ನಾವು ಸಾಣಿಗೆ ಹಿಡಿದು ಸಣ್ಣ ಕಾಳು, ದೊಡ್ಡ ಕಾಳು ಬೇರೆ ಮಾಡುವ ಹಾಗೆ.

ದೊಡ್ಡ ಮಿಡಿತ ಎಂದರೆ ಆ ಕಣ ಬಿಲ್ಲೆಯಲ್ಲಿ ಹೆಚ್ಚು ಶಕ್ತಿ ಬಿಟ್ಟಿದೆ ಎಂದು ಅರ್ಥ. ಎಲ್ಲ ಮಿಡಿತಗಳ ಶಕ್ತಿಯನ್ನು ಕೂಡಿಸಿದರೆ ಒಟ್ಟು ಪ್ರಮಾಣ ಸಿಗುತ್ತದೆ.

ಮಾಪಕ ಪುಟ್ಟದಾಗಿ ಯಾಕೆ ಇರಬೇಕು? ಬುತ್ತಿ ಗಂಟು ಭಾರ ಆದರೆ ನಡೆಯುವವರಿಗೆ ಕಷ್ಟ. ರಾಕೆಟ್ಟಿಗೂ ಹಾಗೇ. ಒಂದೊಂದು ಗ್ರಾಂ ತೂಕಕ್ಕೂ ಲೆಕ್ಕ ಇದೆ. ಅಂತರಿಕ್ಷ ನಿಲ್ದಾಣದಲ್ಲಿ 2012ರಿಂದ ಪೆನ್‌ಡ್ರೈವ್‌ನಷ್ಟು ಸಣ್ಣ ಮಾಪಕಗಳನ್ನೂ ಬಳಸಿದ್ದಾರೆ.

ಸೊನ್ನೆ ಬಂದರೆ ಏನೂ ಇಲ್ಲ ಅಂತಲೇ?

1958ರ ಜನವರಿ 31ರಂದು ಅಮೆರಿಕ ತನ್ನ ಮೊದಲ ಉಪಗ್ರಹ ಹಾರಿಸಿತು. ಅದರ ಹೆಸರು ಎಕ್ಸ್‌ಪ್ಲೋರರ್-1. ಅದರಲ್ಲಿ ವ್ಯಾನ್ ಅಲೆನ್ ಎಂಬ ವಿಜ್ಞಾನಿ ಕಣ ಎಣಿಸುವ ಯಂತ್ರ ಇಟ್ಟಿದ್ದರು. ಉಪಗ್ರಹ ಕೆಳಗೆ ಇದ್ದಾಗ ಯಂತ್ರ ಸರಿಯಾಗಿ ಎಣಿಸಿತು. ಬಹಳ ಮೇಲೆ ಹೋದಾಗ ಸೊನ್ನೆ ತೋರಿಸಿತು.

ಅಲ್ಲಿ ಕಣ ಇರಲಿಲ್ಲವೇ? ಇದ್ದವು. ಬಹಳ ಇದ್ದವು! ಎಷ್ಟು ಅಂದರೆ ಯಂತ್ರಕ್ಕೆ ಎಣಿಸಲು ಉಸಿರೇ ಸಿಗಲಿಲ್ಲ. ಸಂತೆಯಲ್ಲಿ ನೂರು ಮಂದಿ ಒಮ್ಮೆಲೇ ಕೂಗಿದರೆ ಅಂಗಡಿಯವನಿಗೆ ಒಬ್ಬರ ಮಾತೂ ತಿಳಿಯುವುದಿಲ್ಲ. ಹಾಗೇ ಆಯಿತು. ಅದೇ ವರ್ಷ ಎಕ್ಸ್‌ಪ್ಲೋರರ್-3 ಹೋಗಿ ಇದನ್ನು ಖಚಿತ ಮಾಡಿತು.

ಭೂಮಿಯ ಸೂಜಿಗಲ್ಲು ಹಿಡಿದಿಟ್ಟ ಕಣಗಳು ಭೂಮಿಯ ಸುತ್ತ ಪಟ್ಟಿಯ ಹಾಗೆ ಇವೆ. ಸಿಂಬಿಯ ಹಾಗೆ ದುಂಡಗೆ, ನಡುವೆ ಭೂಮಿ. ಅದನ್ನು ವ್ಯಾನ್ ಅಲೆನ್ ಪಟ್ಟಿ ಅನ್ನುತ್ತಾರೆ.

ಇದರಿಂದ ಒಂದು ಬುದ್ಧಿ ಕಲಿಯಬಹುದು. ಅಂಕಿ ಓದಿದರೆ ಸಾಲದು. ಆ ಅಂಕಿ ಯಾಕೆ ಬಂತು ಎಂದೂ ಕೇಳಬೇಕು.

ಅದಮಾರಿನ ಹುಡುಗ

ಉಡುಪಿ ಜಿಲ್ಲೆಯಲ್ಲಿ ಅದಮಾರು ಎಂಬ ಹಳ್ಳಿ ಇದೆ. ಅಲ್ಲಿ 1932ರ ಮಾರ್ಚ್ 10ರಂದು ಒಂದು ಗಂಡುಮಗು ಹುಟ್ಟಿತು. ಹೆಸರು ರಾಮಚಂದ್ರ ರಾವ್. ಮುಂದೆ ಎಲ್ಲರೂ ಯು. ಆರ್. ರಾವ್ ಎಂದು ಕರೆದರು.

ಅವರು ಉಡುಪಿಯಲ್ಲಿ ಓದಿದರು. ಬಳ್ಳಾರಿಯಲ್ಲಿ ಓದಿದರು. ಅನಂತಪುರದಲ್ಲೂ ಓದಿದರು! ಅದು ನಮ್ಮ ಅನಂತಪುರ ಅಲ್ಲ, ಆಂಧ್ರದ ಅನಂತಪುರ. ಆಮೇಲೆ ಅಹಮದಾಬಾದಿಗೆ ಹೋಗಿ ವಿಕ್ರಮ್ ಸಾರಾಭಾಯಿ ಅವರ ಹತ್ತಿರ ಕಲಿತರು. ಅವರು ಕಲಿತದ್ದು ಇದೇ ವಿಷಯ, ಆಕಾಶದಿಂದ ಬರುವ ಕಣಗಳ ವಿಷಯ. 1960ರ ದಶಕದಲ್ಲಿ ಅಮೆರಿಕದ ಪಯೋನಿಯರ್ ನೌಕೆಗಳಲ್ಲಿ ಕಣಗಳನ್ನು ಅಳೆಯುವ ಪ್ರಯೋಗ ಮಾಡಿದರು.

ಭಾರತಕ್ಕೆ ಬಂದ ಮೇಲೆ ನಮ್ಮ ದೇಶದ ಮೊದಲ ಉಪಗ್ರಹ ಕಟ್ಟುವ ಹೊಣೆ ಅವರಿಗೆ ಬಂತು. ಬೆಂಗಳೂರಿನ ಪೀಣ್ಯದಲ್ಲಿ ಶೀಟಿನ ಶೆಡ್ಡುಗಳಲ್ಲಿ ಕೆಲಸ ನಡೆಯಿತು. ಉಪಗ್ರಹದ ಹೆಸರು ಆರ್ಯಭಟ. ತೂಕ 360 ಕೆ.ಜಿ. 1975ರ ಏಪ್ರಿಲ್ 19ರಂದು ರಷ್ಯಾದ ನೆಲದಿಂದ ಅದು ಮೇಲೆ ಹೋಯಿತು. ಸೂರ್ಯನ ವಿಕಿರಣ ಅಳೆಯುವ ಉಪಕರಣವೂ ಅದರಲ್ಲಿತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ತಿನ ತೊಂದರೆ ಆಗಿ ಪ್ರಯೋಗಗಳು ನಿಂತವು. ಆದರೂ ಉಪಗ್ರಹ ಕಟ್ಟುವುದನ್ನು ನಮ್ಮವರು ಕಲಿತರು. ಆ ಕಲಿಕೆ ನಿಲ್ಲಲಿಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಎರಡು ರೂಪಾಯಿ ನೋಟು ಇದೆಯೇ? ಹಿಂದೆ ತಿರುಗಿಸಿ ನೋಡಿ. ಆರ್ಯಭಟ ಉಪಗ್ರಹದ ಚಿತ್ರ ಇರುವ ನೋಟು ಸಿಕ್ಕೀತು.

ಯು. ಆರ್. ರಾವ್ 2017ರಲ್ಲಿ ತೀರಿಕೊಂಡರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಅವರ ಹೆಸರು ಇಟ್ಟರು.

ಚಂದ್ರನ ಹತ್ತಿರ ಹೋದ ಮಾಪಕ

2008ರ ಅಕ್ಟೋಬರ್ 22ರಂದು ಶ್ರೀಹರಿಕೋಟದಿಂದ ಚಂದ್ರಯಾನ-1 ಹೊರಟಿತು. ಅದನ್ನು ಕಟ್ಟಿದ್ದು ಬೆಂಗಳೂರಿನಲ್ಲಿ. ಅದರಲ್ಲಿ 11 ಉಪಕರಣಗಳಿದ್ದವು. ಬಹಳ ಹಗುರವಾದ ಒಂದರ ಹೆಸರು ರಾಡಮ್. ಅದನ್ನು ಬಲ್ಗೇರಿಯಾ ದೇಶದವರು ಮಾಡಿಕೊಟ್ಟಿದ್ದರು. ತೂಕ ಕಾಲು ಕೆ.ಜಿ.ಗಿಂತ ಕಡಿಮೆ.

ರಾಡಮ್‌ನ ಸಿಲಿಕಾನ್ ಬಿಲ್ಲೆ ಹೆಬ್ಬೆರಳ ಉಗುರಿನಷ್ಟು ಅಗಲ, ಎರಡು ಚದರ ಸೆಂಟಿಮೀಟರ್. ದಪ್ಪ ಮೂರು ಹಾಳೆ ಕಾಗದ ಜೋಡಿಸಿದಷ್ಟು. ಅದು ಮಿಡಿತಗಳನ್ನು 256 ಮನೆಗಳಲ್ಲಿ ವಿಂಗಡಿಸುತ್ತಿತ್ತು. 256 ಡಬ್ಬಿ ಸಾಲಾಗಿ ಇಟ್ಟು ಕಾಳು ಹಾಕಿದ ಹಾಗೆ ಅಂದುಕೊಳ್ಳಿ.

ನೌಕೆ ಹಾರಿದ ಎರಡು ತಾಸಿನ ಹೊತ್ತಿಗೆ ರಾಡಮ್ ಕೆಲಸ ಸುರು ಮಾಡಿತು. ಚಂದ್ರಯಾನ ನೇರವಾಗಿ ಚಂದ್ರನ ಕಡೆ ಹೋಗಲಿಲ್ಲ. ಮೊದಲು ಭೂಮಿಯ ಸುತ್ತ ದೊಡ್ಡ ದೊಡ್ಡ ಸುತ್ತು ಹಾಕಿತು. ಹಾಗೆ ಸುತ್ತುವಾಗ ವ್ಯಾನ್ ಅಲೆನ್ ಪಟ್ಟಿಯನ್ನು ಮತ್ತೆ ಮತ್ತೆ ದಾಟಿತು. ದಾಟಿದಾಗೆಲ್ಲ ರಾಡಮ್ ಅಳೆದು ಬರೆದುಕೊಂಡಿತು.

ನವೆಂಬರ್ 8ರಂದು ನೌಕೆ ಚಂದ್ರನ ಸುತ್ತ ತಿರುಗಲು ಸುರು ಮಾಡಿತು. ಚಂದ್ರನಿಂದ 100 ಕಿ.ಮೀ. ಎತ್ತರದಲ್ಲಿ ರಾಡಮ್ ಕಂಡದ್ದು ಹೀಗೆ. ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ಒಂದು ಸೆಕೆಂಡಿಗೆ ಸರಾಸರಿ ಎರಡೂವರೆ ಕಣ. ಅಂದರೆ ಇಡೀ ಬಿಲ್ಲೆಗೆ ಸುಮಾರು ಐದು ಕಣ. ಭೂಮಿಯ ಸುತ್ತಲಿನ ಪಟ್ಟಿಯ ಜೋರಾದ ಜಾಗದಲ್ಲಿ ಬಿದ್ದ ವಿಕಿರಣ ಇದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಇತ್ತು.

ಇನ್ನೊಂದು ಸೋಜಿಗ ನೋಡಿ. 2009ರ ಮೇ ತಿಂಗಳಲ್ಲಿ ನೌಕೆಯನ್ನು 200 ಕಿ.ಮೀ. ಎತ್ತರಕ್ಕೆ ಏರಿಸಿದರು. ಆಗ ಕಣಗಳು ಸ್ವಲ್ಪ ಹೆಚ್ಚಾದವು. ಯಾಕೆ? ಗೋಡೆಯ ಹತ್ತಿರ ನಿಂತರೆ ಮಳೆಯ ಇರಚಲು ಕಡಿಮೆ. ಗೋಡೆ ಬಿಟ್ಟು ದೂರ ಸರಿದರೆ ಹೆಚ್ಚು. ಇಲ್ಲಿ ಚಂದ್ರನೇ ಗೋಡೆ.

2009ರ ಆಗಸ್ಟ್ 29ರಂದು ಚಂದ್ರಯಾನದ ಸಂಪರ್ಕ ಕಡಿಯಿತು. ಅಷ್ಟರೊಳಗೆ ಬೇಕಾದಷ್ಟು ಅಳತೆ ಭೂಮಿಗೆ ತಲುಪಿತ್ತು. ಬೆಂಗಳೂರಿನ ಹತ್ತಿರ ಬ್ಯಾಲಾಳು ಎಂಬ ಹಳ್ಳಿ ಇದೆ. ಅಲ್ಲಿ ನೂರು ಅಡಿಗೂ ಹೆಚ್ಚು ಅಗಲದ ತಟ್ಟೆ ಆಕಾಶಕ್ಕೆ ಮುಖ ಮಾಡಿ ನಿಂತಿದೆ. ಚಂದ್ರನ ಕಡೆಯಿಂದ ಬಂದ ಮಾತನ್ನು ಕೇಳಿಸಿಕೊಂಡದ್ದು ಆ ತಟ್ಟೆ.

ಸೂರ್ಯನ ಕಡೆ ನೋಡುವ ಕಾವಲುಗಾರ

2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ಎಂಬ ನೌಕೆ ಹೋಯಿತು. ಈ ಯೋಜನೆಯ ಮುಂದಾಳು ಒಬ್ಬ ಹೆಣ್ಣುಮಗಳು, ನಿಗರ್ ಶಾಜಿ. ತಮಿಳುನಾಡಿನ ಸೆಂಗೋಟ್ಟೈ ಊರಿನ ರೈತ ಮನೆತನದವರು. ಕೆಲಸ ಮಾಡಿದ್ದು ಬೆಂಗಳೂರಿನ ಯು. ಆರ್. ರಾವ್ ಕೇಂದ್ರದಲ್ಲಿ.

ನೌಕೆ 2024ರ ಜನವರಿ 6ರಂದು ತನ್ನ ಜಾಗ ಸೇರಿತು. ಆ ಜಾಗ ಭೂಮಿಯಿಂದ 15 ಲಕ್ಷ ಕಿ.ಮೀ. ದೂರ, ಸೂರ್ಯನ ದಿಕ್ಕಿಗೆ. ಅಲ್ಲಿ ಸೂರ್ಯನಿಗೆ ಗ್ರಹಣ ಹಿಡಿಯುವುದೇ ಇಲ್ಲ. ಅದರಲ್ಲಿ ಏಳು ಉಪಕರಣಗಳಿವೆ. ಕಣ ಎಣಿಸುವ ಉಪಕರಣಗಳನ್ನು ಅಹಮದಾಬಾದ್ ಮತ್ತು ತಿರುವನಂತಪುರದಲ್ಲಿ ಮಾಡಿದ್ದಾರೆ.

2024ರ ಮೇ 10 ಮತ್ತು 11ರಂದು ಸೂರ್ಯನ ಕಡೆಯಿಂದ ದೊಡ್ಡ ಬಿರುಗಾಳಿ ಬಂತು. ಇದು ಕಣಗಳ ಬಿರುಗಾಳಿ. ಇಪ್ಪತ್ತು ವರ್ಷಗಳಲ್ಲಿ ಅಷ್ಟು ದೊಡ್ಡದು ಬಂದಿರಲಿಲ್ಲ. ಲಡಾಖಿನ ಹಾನ್ಲೆಯಲ್ಲಿ ರಾತ್ರಿ ಆಕಾಶ ಕೆಂಪಾಯಿತು. ಆದಿತ್ಯದ ಮಾಪಕಗಳು ಆ ಕಣಗಳನ್ನು ಎಣಿಸಿದವು. ನೆಲದ ಮೇಲೆ ಇದ್ದ ನಮಗೆ ಏನೂ ಆಗಲಿಲ್ಲ. ನಮ್ಮ ಎರಡು ಕಾವಲು ಗಟ್ಟಿಯಾಗಿವೆ.

ಮನುಷ್ಯರು ಹೋದರೆ?

ಸುನೀತಾ ವಿಲಿಯಮ್ಸ್ ಅವರ ಹೆಸರು ಕೇಳಿದ್ದೀರಿ. ಎಂಟು ದಿನಕ್ಕೆಂದು 2024ರ ಜೂನಿನಲ್ಲಿ ಹೋದವರು 2025ರ ಮಾರ್ಚಿನಲ್ಲಿ ಮರಳಿದರು. ಅವರು ಇದ್ದ ನಿಲ್ದಾಣದಲ್ಲಿ ಒಂದು ದಿನಕ್ಕೆ ಮೈಗೆ ಬೀಳುವ ವಿಕಿರಣ ಹಲವು ಎದೆ ಎಕ್ಸ್‌ರೇ ತೆಗೆಸಿದಷ್ಟು. ಹೀಗೆ ದಿನ ದಿನ ಕೂಡುತ್ತಾ ಹೋದರೆ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ಅಲ್ಲಿ ಹೋದವರ ಹತ್ತಿರ ಮಾಪಕ ಇರಲೇಬೇಕು. ಎಷ್ಟು ಬಿತ್ತು ಎಂದು ಲೆಕ್ಕ ಇಡಲೇಬೇಕು. ನಾಳೆ ನಮ್ಮ ಗಗನಯಾನದಲ್ಲಿ ಹೋಗುವವರಿಗೂ ಇದೇ ನಿಯಮ.

ಇದರಿಂದ ನಮಗೇನು?

ಮೊದಲನೆಯದು, ಆಸ್ಪತ್ರೆ. ಎಕ್ಸ್‌ರೇ ಕೂಡ ಒಂದು ವಿಕಿರಣ. ಅದು ಕಣ ಅಲ್ಲ, ಬೆಳಕಿನ ಜಾತಿ. ಎಕ್ಸ್‌ರೇ ತೆಗೆಯುವವರ ಎದೆಯ ಮೇಲೆ ಒಂದು ಸಣ್ಣ ಬಿಲ್ಲೆ ಇರುತ್ತದೆ. ಅದು ಅಲಂಕಾರಕ್ಕಲ್ಲ, ಅಳತೆಗೆ. ಅವರು ದಿನಾ ಅದೇ ಕೆಲಸ ಮಾಡುವವರು. ಅವರ ಮೈಗೆ ಎಷ್ಟು ಬಿತ್ತು ಎಂದು ಆ ಬಿಲ್ಲೆ ಹೇಳುತ್ತದೆ.

ನಮಗೆ ಅಪರೂಪಕ್ಕೆ ಒಂದು ಎದೆ ಎಕ್ಸ್‌ರೇ ಬಂದರೆ ಹೆದರಬಾರದು. ಎರಡು ವಾರ ದಾಟಿದ ಕೆಮ್ಮು ಇದ್ದು, ಡಾಕ್ಟರು ಹೇಳಿದ ಎಕ್ಸ್‌ರೇ ತೆಗೆಸದೇ ಇದ್ದರೆ ಕ್ಷಯ ಒಳಗೇ ಬೆಳೆದೀತು. ಅದೇ ದೊಡ್ಡ ಅಪಾಯ. ಆದರೆ ಬಸುರಿ ಇದ್ದರೆ, ಇಲ್ಲವೇ ಮುಟ್ಟು ನಿಂತಿದ್ದರೆ, ಮೊದಲೇ ಡಾಕ್ಟರಿಗೆ ಹೇಳಿ. ನಾಚಿಕೆ ಬೇಡ. ಬಸುರಿಯರ ಹೊಟ್ಟೆಯ ಸ್ಕ್ಯಾನಿಂಗ್ ಬೇರೆ. ಅದನ್ನು ಶಬ್ದದಿಂದ ಮಾಡುತ್ತಾರೆ. ಅದರಲ್ಲಿ ಈ ವಿಕಿರಣ ಇಲ್ಲ.

ಎರಡನೆಯದು, ಗ್ರಹಣ. ಗ್ರಹಣ ಹಿಡಿದಾಗ ವಿಷದ ಕಿರಣ ಬೀಳುತ್ತವೆ ಎಂದು ಹೇಳುವವರಿದ್ದಾರೆ. ಬಸುರಿ ಹೆಣ್ಣುಮಗಳನ್ನು ಕತ್ತಲೆ ಕೋಣೆಯಲ್ಲಿ ಕೂಡಿಸುತ್ತಾರೆ. ಊಟ ಇಲ್ಲ, ನೀರಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಕಡೆ ಅಂಗವಿಕಲ ಮಕ್ಕಳನ್ನು ಕುತ್ತಿಗೆ ತನಕ ಮಣ್ಣಿನಲ್ಲಿ ಹೂತರು. ಹಾಗೆ ಮಾಡಿದರೆ ಕೈಕಾಲು ಸರಿ ಆಗುತ್ತವೆ ಎಂದು ನಂಬಿದ್ದರು. ಮಕ್ಕಳು ಅತ್ತರು. ಕೈಕಾಲು ಸರಿ ಆಗಲಿಲ್ಲ.

ಯೋಚನೆ ಮಾಡಿ. ಸೂರ್ಯಗ್ರಹಣ ಅಂದರೆ ಚಂದ್ರನ ನೆರಳು. ನೆರಳಿನಿಂದ ಹೊಸ ಕಿರಣ ಹುಟ್ಟುವುದಿಲ್ಲ. ಸೂರ್ಯ ದಿನದ ಹಾಗೇ ಇರುತ್ತಾನೆ. ಗಾಳಿಯ ಕೌದಿ ಅಲ್ಲೇ ಇರುತ್ತದೆ. ಚಂದ್ರನ ಹತ್ತಿರ ಹೋಗಿ ಎಣಿಸಿದ ಮಾಪಕ ಅಲ್ಲಿ ವಿಷ ಕಾಣಲಿಲ್ಲ. ಕಂಡದ್ದು ಎಲ್ಲ ಕಡೆಯಿಂದ ಬರುವ ಅದೇ ಕಣಗಳನ್ನು. ಅವನ್ನೂ ಚಂದ್ರ ತಡೆಯುತ್ತಿದ್ದ. ಆದ್ದರಿಂದ ಬಸುರಿಗೆ ಹಸಿವಾದರೆ ಊಟ ಕೊಡಿ, ಬಾಯಾರಿದರೆ ನೀರು ಕೊಡಿ. ಒಂದೇ ಎಚ್ಚರ ಬೇಕು. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು. ಗ್ರಹಣ ಇದ್ದರೂ ನೋಡಬಾರದು, ಇಲ್ಲದಿದ್ದರೂ ನೋಡಬಾರದು.

ಯಾರಾದರೂ ಕಾಣದ ವಸ್ತುವಿನ ಹೆಸರು ಹೇಳಿ ಹೆದರಿಸಿದರೆ ನಾವು ಒಂದು ಮಾತು ಕೇಳೋಣ: ಅದನ್ನು ಯಾರು ಅಳೆದಿದ್ದಾರ್ರಿ? ಎಷ್ಟು ಬಂತು?

ಹೊಸ ಮಾತುಗಳು

ಕಣ: ಬಹಳ ಸಣ್ಣ ಚೂರು.
ವಿಕಿರಣ: ಜೋರಾಗಿ ಹರಿದು ಬರುವ ಕಣ ಅಥವಾ ಕಿರಣ.
ಬಾಹ್ಯಾಕಾಶ: ಗಾಳಿಯ ಆಚೆಯ ಆಕಾಶ.
ಉಪಗ್ರಹ: ಭೂಮಿಯನ್ನು ಸುತ್ತುವಂತೆ ಮನುಷ್ಯ ಹಾರಿಬಿಟ್ಟ ಯಂತ್ರ.
ಮಾಪಕ: ಅಳೆಯುವ ಸಾಧನ.
ಮಿಡಿತ: ಒಮ್ಮೆ ಬಂದು ಹೋಗುವ ಸಣ್ಣ ಬಡಿತ.

ಲೆಕ್ಕ ಮಾಡಿ

1. ಚಂದ್ರನ ಹತ್ತಿರ ರಾಡಮ್ ಬಿಲ್ಲೆಗೆ ಒಂದು ಸೆಕೆಂಡಿಗೆ 5 ಕಣ ಬಿದ್ದವು ಅನ್ನಿ. ಒಂದು ನಿಮಿಷಕ್ಕೆ ಎಷ್ಟು? ಒಂದು ತಾಸಿಗೆ ಎಷ್ಟು?
(ಉತ್ತರ: 300 ಮತ್ತು 18,000)

2. ಆರ್ಯಭಟ ಹಾರಿದ್ದು 1975ರಲ್ಲಿ. ಚಂದ್ರಯಾನ-1 ಹಾರಿದ್ದು 2008ರಲ್ಲಿ. ನಡುವೆ ಎಷ್ಟು ವರ್ಷ?
(ಉತ್ತರ: 33)

ಕೂಡಿ ಮಾತಾಡಿ

1. ನಮ್ಮನ್ನು ಕಾಯುವ ಎರಡು ಕಾವಲು ಯಾವುವು?
2. ಎಕ್ಸ್‌ಪ್ಲೋರರ್-1ರ ಯಂತ್ರ ಸೊನ್ನೆ ತೋರಿಸಿದ್ದು ಯಾಕೆ?
3. 200 ಕಿ.ಮೀ. ಎತ್ತರದಲ್ಲಿ ಕಣ ಹೆಚ್ಚು, 100 ಕಿ.ಮೀ. ಎತ್ತರದಲ್ಲಿ ಕಡಿಮೆ. ಯಾಕೆ?
4. ನಿಮ್ಮ ಮನೆಯಲ್ಲಿ ಗ್ರಹಣದ ದಿನ ಏನು ಮಾಡುತ್ತಾರೆ? ಅದರಲ್ಲಿ ಯಾವುದನ್ನು ಬಿಡಬಹುದು?
5. ನಿಮ್ಮ ಓಣಿಯಲ್ಲಿ ಬಸುರಿ ಹೆಣ್ಣುಮಗಳು ಇದ್ದರೆ ಈ ಪಾಠದ ಕೊನೆಯ ಭಾಗವನ್ನು ಆಕೆಗೆ ಓದಿ ಹೇಳಿ. ಆಕೆಯ ಅತ್ತೆಯನ್ನೂ ಕೂಡಿಸಿಕೊಳ್ಳಿ.